ಬೀಗರಿಗೆ ಹಳೇಬೀಡು ತೋರಿಸಿದ್ದು

ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ನಾನು, ಹಳೇಬೀಡು ನನಗೆ ಅಂಗೈ ನೋಡಿಕೊಂಡಷ್ಟು ಗೊತ್ತು ಎಂದು ಬಹಳ ವರ್ಷ ನಂಬಿದ್ದೆ. ಬಸ್ಸಿನ ಕಿಟಕಿಯಿಂದ ಎಷ್ಟೋ ಸಲ ನೋಡಿದ್ದೇನಲ್ಲ! ಒಳಗೆ ಹೋಗಿದ್ದು ಮಾತ್ರ ಹೈಸ್ಕೂಲಿನ ಪ್ರವಾಸದಲ್ಲಿ. ಅದರಲ್ಲೂ ನೆನಪಿರುವುದು ಚಿತ್ರಾನ್ನ.

ಆದರೂ ತುಮಕೂರಿನಿಂದ ಹೆಣ್ಣು ನೋಡಲು ಬಂದವರಿಗೆ ಹಳೇಬೀಡು ತೋರಿಸುವ ಹೊಣೆಯನ್ನು ನಾನೇ ಮೈಮೇಲೆ ಎಳೆದುಕೊಂಡೆ. ಕಾರಣ ಗಂಭೀರವಾದದ್ದು. ಮಗಳು ಸುಧಾ ಅದಾಗಲೇ ಎರಡು ಸಂಬಂಧ ಬೇಡ ಅಂದಿದ್ದಳು. "ಉಪ್ಪಿಟ್ಟಿನ ತಟ್ಟೆ ಕೊಟ್ಟು ಒಳಗೆ ಹೋದ್ರೆ ಆ ಮನುಷ್ಯ ಎಂಥೋನು ಅಂತ ಹೇಗಪ್ಪ ಗೊತ್ತಾಗತ್ತೆ? ನಾನು ಮಾತಾಡಬೇಕು" ಎಂಬುದು ಅವಳ ಹಟ. ಈ ಹುಡುಗ ಒಳ್ಳೆಯವನು, ಮನೆತನವೂ ಒಳ್ಳೆಯದು. ಇದೂ ತಪ್ಪಿಹೋದರೆ ಎಂದು ನನಗೆ ನಿಜಕ್ಕೂ ಭಯವಾಗಿತ್ತು. ಕಾರಿನಲ್ಲಿ ಕೂತರೆ ಎಲ್ಲರ ಕಿವಿಯೂ ಅಲ್ಲೇ ಇರುತ್ತದೆ. ನಡೆಸಿದರೆ ದೊಡ್ಡವರು ಶಿಲ್ಪ ನೋಡುತ್ತಾರೆ, ಚಿಕ್ಕವರು ಮಾತಾಡಿಕೊಳ್ಳುತ್ತಾರೆ. ಇದು ನನ್ನ ಯೋಜನೆ. ಹೆಂಡತಿ ಹೇಳಿದ್ದು ಒಂದೇ ಮಾತು: "ರೀ, ನೀವು ಮಾತ್ರ ಬಾಯಿ ಬಿಡಬೇಡಿ."

ಏಪ್ರಿಲ್ ತಿಂಗಳು. ಬಾಡಿಗೆ ವ್ಯಾನು ದೊಡ್ಡ ದೇವಸ್ಥಾನದ ಮುಂದೆ ಇಳಿಸಿತು. "ಹೋಗಪ್ಪ, ನಿಧಾನಕ್ಕೆ ಊಟ ಮಾಡ್ಕೊಂಡು ಬಾ. ನಮ್ಮದೆಲ್ಲ ಇವತ್ತು ಕಾಲ್ನಡಿಗೆ" ಎಂದು ಡ್ರೈವರನ್ನು ಉದಾರವಾಗಿ ಕಳಿಸಿಬಿಟ್ಟೆ. ಚಪ್ಪಲಿ ಬಿಟ್ಟು ಒಳಗೆ ಹೋದೆವು. ಹುಡುಗನ ತಂದೆ ನಿವೃತ್ತ ಮೇಷ್ಟ್ರು. ಅವರಿಗೆ ಗೋಡೆಯ ಒಂದು ದೊಡ್ಡ ವಿಗ್ರಹ ತೋರಿಸಿ, "ನೋಡಿ ಸಾರ್, ಆಂಜನೇಯಸ್ವಾಮಿ ಸಂಜೀವಿನಿ ಪರ್ವತ ಎತ್ತಿರೋದು" ಎಂದೆ.

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು, "ಆಂಜನೇಯನಿಗೆ ಇಷ್ಟೊಂದು ತಲೆ ಯಾವಾಗ ಬಂತು?" ಎಂದರು.

ಅದು ಕೈಲಾಸ ಎತ್ತುತ್ತಿರುವ ರಾವಣನಂತೆ! ಹೆಂಡತಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅತ್ತ ಹುಡುಗ ಒಂದು ಆನೆ ನೋಡುತ್ತಿದ್ದಾನೆ, ಸುಧಾ ಇನ್ನೊಂದು ಆನೆ ನೋಡುತ್ತಿದ್ದಾಳೆ. ಮಾತಿಲ್ಲ, ಕತೆಯಿಲ್ಲ.

ಇವರನ್ನು ಇನ್ನೂ ನಡೆಸಬೇಕು ಎಂದುಕೊಂಡೆ. "ಬನ್ನಿ, ಜೈನ ಬಸದಿ ನೋಡೋಣ. ಇಲ್ಲೇ, ಎರಡು ಹೆಜ್ಜೆ."

ಮೇಷ್ಟ್ರ ಹೆಂಡತಿ ಚಪ್ಪಲಿ ಬಿಟ್ಟ ಕಡೆ ಹೊರಟರು. "ಅಲ್ಲೂ ಬಿಚ್ಚಲೇಬೇಕಲ್ಲಮ್ಮ, ಹಾಕೋದು ಯಾಕೆ, ಬಿಚ್ಚೋದು ಯಾಕೆ?" ಎಂದು ತಡೆದೆ. ನಮ್ಮ ಸೀಮೆಯಲ್ಲಿ 'ಇಲ್ಲೇ' ಅನ್ನುವುದು ದೂರದ ಲೆಕ್ಕವಲ್ಲ, ಧೈರ್ಯ ಹೇಳುವ ಕ್ರಮ. ತುಮಕೂರಿನವರಿಗೂ ಅದು ಗೊತ್ತಿರಬೇಕಿತ್ತು. ಬೀಗರಾಗುವವರು ಎಂಬ ಮರ್ಯಾದೆಗೆ ನಂಬಿದರು, ಪಾಪ!

ಡಾಂಬರು ರಸ್ತೆ ಕಾದ ಕಾವಲಿಯಾಗಿತ್ತು. ಮೇಷ್ಟ್ರು ಪಂಚೆ ಎತ್ತಿಕೊಂಡು ಓಡಿದರು. ಅವರ ಹೆಂಡತಿ ರಸ್ತೆ ಬಿಟ್ಟು ಪಕ್ಕದ ಹುಲ್ಲಿಗೆ ಇಳಿದರು. ಹುಲ್ಲಿನಲ್ಲಿ ನೆಗ್ಗಿಲು ಮುಳ್ಳು! "ಅಯ್ಯೋ ಶಿವನೇ, ಎಲ್ರೀ ನಿಮ್ಮ ಎರಡು ಹೆಜ್ಜೆ?" ಎಂದು ಆಕೆ ಕೂಗಿದಾಗ, "ಬಂದೇಬಿಡ್ತು" ಎಂದೆ. ಬಂದಿರಲಿಲ್ಲ.

ಕೊನೆಗೂ ಬಸದಿ ಸೇರಿದೆವು. ಒಳಗಿನ ನುಣುಪು ಕಂಬದಲ್ಲಿ ಆಕೆ ತಮ್ಮ ಮುಖ ನೋಡಿಕೊಂಡರು. ಕುಂಕುಮ ಮೂಗಿನವರೆಗೆ ಇಳಿದಿತ್ತು. ತಣ್ಣನೆಯ ಕಲ್ಲಿನ ಮೇಲೆ ಕಾಲು ಚಾಚಿ ಕೂತು, "ಚಪ್ಪಲಿ ಬರೋವರೆಗೂ ನಾನು ಏಳಲ್ಲ" ಎಂದರು.

ಓಡಿದೆ. ಚಪ್ಪಲಿ ಕಾಯುವವನು ಟೋಕನ್ ಕೇಳಿದ. ಟೋಕನ್ ಹೆಂಡತಿಯ ಪರ್ಸಿನಲ್ಲಿ!

"ನನ್ನ ಚಪ್ಪಲಿ ಒಂದನ್ನಾದ್ರೂ ಕೊಡಪ್ಪ, ಕಾಲು ಬೇಯ್ತಾ ಐತೆ."

"ಯಾವ್ದು ನಿಮ್ದು ಅಂತ ನಂಗೇನ್ ಗೊತ್ತು ಯಜಮಾನ್ರೆ? ಟೋಕನ್ ತನ್ನಿ."

ಮತ್ತೆ ಬಸದಿಗೆ ಓಡಿದೆ, ಟೋಕನ್ ಹಿಡಿದು ಮತ್ತೆ ದೇವಸ್ಥಾನಕ್ಕೆ ಓಡಿದೆ. ಎಲ್ಲರ ಚಪ್ಪಲಿಯನ್ನೂ ಟವೆಲಿನಲ್ಲಿ ಗಂಟು ಕಟ್ಟಿ ಹೆಗಲ ಮೇಲೆ ಹೊತ್ತು ತಂದೆ. ಅವಸರದಲ್ಲಿ ನನ್ನವನ್ನೂ ಗಂಟಿನೊಳಗೇ ಕಟ್ಟಿಬಿಟ್ಟಿದ್ದೆ!

ವಾಪಸ್ ಬರುವಾಗ ಮೇಷ್ಟ್ರ ಹೆಂಡತಿ ವ್ಯಾನಿನಲ್ಲಿ ಅಂಗಾಲಿನ ಮುಳ್ಳು ಕೀಳುತ್ತ ಕೂತಿದ್ದರು. ಅರಸೀಕೆರೆ ಸ್ಟೇಷನ್ನಿನಲ್ಲಿ ಮೇಷ್ಟ್ರು ಕೈಮುಗಿದರು, ಅವರ ಹೆಂಡತಿ ಕುಂಟುತ್ತ ರೈಲು ಹತ್ತಿದರು. ಸಂಬಂಧ ಮುರಿಯಿತು ಎಂದು ನನಗೆ ಖಚಿತವಾಯಿತು. ಮನೆಗೆ ಬಂದು ಬಕೆಟ್ಟಿನ ನೀರಲ್ಲಿ ಕಾಲಿಟ್ಟು ಕೂತೆ. ಮಗಳ ಮುಖ ನೋಡುವ ಧೈರ್ಯವಿರಲಿಲ್ಲ. ಕಣ್ಣಲ್ಲಿ ನೀರು ಬಂತು, ಅಂಗಾಲಿನ ಬೊಬ್ಬೆಯ ಉರಿಗೆ ಬಂದದ್ದಲ್ಲ.

ಸುಧಾ ಹರಳೆಣ್ಣೆ ತಂದು ಪಕ್ಕದಲ್ಲಿ ಕೂತಳು. "ಅಪ್ಪ, ನಂಗೆ ಒಪ್ಪಿಗೆ. ಅವರೂ ಒಪ್ಪಿದಾರೆ."

"ಮಾತಾಡಿದ್ರಾ? ಯಾವಾಗ?"

"ನೀವು ಚಪ್ಪಲಿಗೆ ಓಡಾಡ್ತಿದ್ರಲ್ಲ, ಆಗ. ಹೊರಗೆ ಮರದ ಕೆಳಗೆ ಕೂತಿದ್ವಿ. ನಿಮ್ಮನ್ನ ನೋಡಿ ಇಬ್ರಿಗೂ ನಗು ತಡೆಯೋಕಾಗಲಿಲ್ಲ."

"ಏನಂದ್ರು ಅವರು?"

"'ನಿಮ್ಮಪ್ಪ ಯಾವಾಗ್ಲೂ ಹೀಗೇನಾ?' ಅಂತ ಕೇಳಿದ್ರು. ಹೌದು ಅಂದೆ. 'ಹಾಗಾದ್ರೆ ನಿಮ್ಮನ್ನ ಬೇಗ ಕರ್ಕೊಂಡು ಹೋಗೋದೇ ವಾಸಿ' ಅಂದ್ರು."

ಜಾತಕ ಕೂಡಿಬಂದು ನಡೆದ ಮದುವೆಗಳನ್ನು ಬೇಕಾದಷ್ಟು ಕಂಡಿದ್ದೇನೆ. ಅಪ್ಪನನ್ನು ನೋಡಿ, ಹುಡುಗಿಯ ಮೇಲೆ ಕನಿಕರ ಹುಟ್ಟಿ ಕುದುರಿದ ಮದುವೆ ನಮ್ಮ ವಂಶದಲ್ಲಿ ಇದೇ ಮೊದಲು!