ಇಳಕಲ್ಲಿನಿಂದ ಸ್ವೀಡನ್ ಮಾರ್ಗವಾಗಿ ಒಂದು ಅರ್ಜಿ

ಎರಡು ಸಾವಿರದ ಎಂಟನೆಯ ಇಸವಿಯ ಸುಮಾರಿಗೆ ಇಡೀ ಇಳಕಲ್ಲಿನಲ್ಲಿ ಕಂಪ್ಯೂಟರ್ ಬಲ್ಲವರು ಇಬ್ಬರೇ ಎಂದು ನಾನು ನಂಬಿದ್ದೆ. ಎರಡನೆಯವರು ಯಾರೆಂದು ನನಗೆ ಗೊತ್ತಿರಲಿಲ್ಲ.

ನಮ್ಮದು ಸೀರೆ ನೇಯುವ ಮನೆತನ. ಹೆಂಡತಿ ಶಾಂತಾ ಬಿ.ಎಡ್. ಮಾಡಿದವಳು. ಹಿಂದೊಮ್ಮೆ ಸರಕಾರಿ ಶಿಕ್ಷಕಿಯ ಹುದ್ದೆಗೆ ಪರೀಕ್ಷೆ ಬರೆದು ಆಯ್ಕೆಯಾಗಿರಲಿಲ್ಲ. ಆಗ ಓಣಿಯವರು ಅವಳು ನೀರಿಗೆ ಹೋದರೂ ಬಿಡದೆ, ಏನಾಯಿತು ಎಂದು ಕೇಳಿ ಕೇಳಿ ಜೀವ ತಿಂದಿದ್ದರು. ಹೀಗಾಗಿ ಮತ್ತೆ ಅರ್ಜಿ ಕರೆದಾಗ ಅವಳದು ಒಂದೇ ಷರತ್ತು.

“ಈ ಸಲ ಯಾರಿಗೂ ಗೊತ್ತಾಗಬಾರ್ದು ನೋಡ್ರಿ.”

ಅರ್ಜಿಯನ್ನು ವೆಬ್‌ಸೈಟಿನಲ್ಲೇ ತುಂಬಬೇಕಿತ್ತು. ಗುಟ್ಟು ಕಾಪಾಡುವ ಮಹತ್ತರ ಹೊಣೆಯನ್ನು ನಾನು ವಹಿಸಿಕೊಂಡೆ. ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಬಂದ ಸಿ.ಡಿ.ಯಲ್ಲಿ ವಿಪಿಎನ್ ಎಂಬುದಿತ್ತು. ಅದನ್ನು ಹಾಕಿಕೊಂಡರೆ ನಾವು ಬೇರೆ ದೇಶದಲ್ಲಿ ಕೂತಂತೆ ತೋರುತ್ತದೆ, ನಮ್ಮ ಜಾಡು ಯಾರಿಗೂ ಹತ್ತುವುದಿಲ್ಲ ಎಂದು ಬರೆದಿತ್ತು. ನಮ್ಮ ಓಣಿಗೆ ಹೇಳಿ ಮಾಡಿಸಿದ ಸಾಮಾನು!

ಅದರ ದೇಶಗಳ ಪಟ್ಟಿಯಲ್ಲಿ ಹಾಲೆಂಡ್ ಆರಿಸಿದೆ. ಅರ್ಜಿ ಪೂರ್ತಿ ತುಂಬಿ ಗುಂಡಿ ಒತ್ತಿದರೆ, ವಿದೇಶದಿಂದ ಅರ್ಜಿ ಸ್ವೀಕರಿಸುವುದಿಲ್ಲ ಎಂಬ ಉತ್ತರ ಬಂತು. ವಿಪಿಎನ್ ತೆಗೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನಾನು ಬುದ್ಧಿವಂತ. ಹಾಲೆಂಡಿನ ಮೇಲೆ ಸರಕಾರಕ್ಕೆ ಏನೋ ಸಿಟ್ಟಿರಬೇಕೆಂದು ಸ್ವೀಡನ್‌ಗೆ ಹೋದೆ. ಅಲ್ಲೂ ಆಗಲಿಲ್ಲ. ಸಿಂಗಾಪುರ ಹತ್ತಿರವಲ್ಲವೇ ಎಂದು ಅಲ್ಲಿಗೂ ಹೋದೆ. ಈ ಸಲ ಪರದೆ ಕೆಂಪಾಯಿತು. ಅರ್ಜಿ ಅನುಮಾನಾಸ್ಪದವಾಗಿದೆ, ತಡೆಹಿಡಿಯಲಾಗಿದೆ, ಅಭ್ಯರ್ಥಿ ಖುದ್ದಾಗಿ ಜಿಲ್ಲಾ ಕಚೇರಿಗೆ ಬರತಕ್ಕದ್ದು!

ಮರುದಿನವೇ ಕೊನೆಯ ದಿನ. ಬೆಳಿಗ್ಗೆಯೇ ಇಬ್ಬರೂ ಬಾಗಲಕೋಟೆ ಬಸ್ ಹತ್ತಿದೆವು. ಹುನಗುಂದ ದಾಟುವವರೆಗೂ ಶಾಂತಾ ಮಡಿಲಲ್ಲಿದ್ದ ಅಂಕಪಟ್ಟಿಗಳನ್ನೇ ಎಣಿಸುತ್ತಿದ್ದಳು. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಕಚೇರಿಯಲ್ಲಿ ಉದ್ದನೆಯ ಸಾಲು. ನಮ್ಮ ಹಿಂದೆಯೇ ನಮ್ಮ ಓಣಿಯ ಗಂಗವ್ವ, ಮಗಳ ಅರ್ಜಿ ತಿದ್ದಿಸಲು ಬಂದು ನಿಂತಿದ್ದರು. ಗುಮಾಸ್ತರು ಪರದೆ ನೋಡಿ, ಶಾಂತಾಳ ಮುಖ ನೋಡಿ, ಮತ್ತೆ ಪರದೆ ನೋಡಿದರು. ಅವರ ದನಿಯೋ, ಪಟ್ಟದಕಲ್ಲಿಗೂ ಕೇಳಿಸುವಂಥದು.

“ಅಕ್ಕಾರ, ಹತ್ತಕ್ಕ ಹಾಲೆಂಡದಾಗ ಇದ್ದೀರಿ, ಹತ್ತೂವರಿಗೆ ಸ್ವೀಡನ್ನದಾಗ, ಹನ್ನೊಂದಕ್ಕ ಸಿಂಗಾಪುರ. ಯಾವ ಬಸ್ ಹಿಡದ್ರಿ?”

“ನಾ ಮನ್ಯಾಗ ರೊಟ್ಟಿ ಬಡೀಲಿಕ್ಕತ್ತಿದ್ನಿರಿ,” ಎಂದು ಶಾಂತಾ ನನ್ನ ಕಡೆ ಬೆರಳು ತೋರಿಸಿದಳು. “ಇವರು ತಿರುಗ್ಯಾಡಿ ಬಂದಾರ.”

ಯಾಕೆ ಹೀಗೆ ಮಾಡಿದಿರಿ ಎಂದು ಗುಮಾಸ್ತರು ನನ್ನನ್ನು ಕೇಳಿದರು. ಖಾಸಗಿತನದ ರಕ್ಷಣೆಗಾಗಿ ಎಂದು ನಾನು ಪುಸ್ತಕದ ಕನ್ನಡದಲ್ಲಿ ಹೇಳಿದೆ. ಇಡೀ ಸಾಲು ನಕ್ಕಿತು.

ಪುಣ್ಯಾತ್ಮರು ಅರ್ಜಿಯನ್ನು ತಮ್ಮ ಕಂಪ್ಯೂಟರಿನಲ್ಲೇ ಹೊಸದಾಗಿ ತುಂಬಿಕೊಟ್ಟರು. ಹುಟ್ಟಿದ ದಿನ, ಅಂಕಗಳು, ಹಿಂದೆ ಎಷ್ಟು ಸಲ ಬರೆದಿದ್ದೀರಿ ಎಂಬುದನ್ನೆಲ್ಲ ಅದೇ ದನಿಯಲ್ಲಿ ಕೇಳಿ, ಉತ್ತರವನ್ನು ಮತ್ತೊಮ್ಮೆ ಕೂಗಿ ಖಚಿತಪಡಿಸಿಕೊಂಡರು. ನಾವು ಚಹಾ ಕುಡಿಯುವಷ್ಟರಲ್ಲಿ ಗಂಗವ್ವ ತಮ್ಮ ಕೆಲಸ ಮುಗಿಸಿ, ನಮಗಿಂತ ಮೊದಲಿನ ಬಸ್ಸಿಗೇ ಊರು ಸೇರಿದರು. ನಾವು ಇಳಿದಾಗ ಓಣಿಯಲ್ಲಿ ಶಾಂತಾಳ ವಯಸ್ಸು ಗೊತ್ತಿಲ್ಲದ ಜೀವ ಒಂದೂ ಉಳಿದಿರಲಿಲ್ಲ.

ಆದರೂ ಶಾಂತಾ ಹಟ ಹಿಡಿದು ಓದಿದಳು, ಆಯ್ಕೆಯೂ ಆದಳು. ಊರಿಂದ ದೂರದ ಕುಳಗೇರಿ ಕ್ರಾಸ್ ಹತ್ತಿರದ ಶಾಲೆ ಸಿಕ್ಕಿತು.

ಎರಡು ವರ್ಷದ ಮೇಲೆ ವರ್ಗಾವಣೆಯ ಅರ್ಜಿ ಕರೆದರು. ಅದನ್ನು ಅವಳು ಬಸ್ ನಿಲ್ದಾಣದ ಸೈಬರ್ ಕೆಫೆಯಲ್ಲಿ, ಹತ್ತು ಮಂದಿಯ ನಡುವೆ ಕೂತು ತುಂಬಿದಳಂತೆ. ಗಂಗವ್ವನಿಗೂ ಮೊದಲೇ ಹೇಳಿದ್ದಳಂತೆ. ನನಗೆ ಮಾತ್ರ ಕೊನೆಯ ದಿನ ಮುಗಿದ ಮೇಲೆ ತಿಳಿಯಿತು!