ಅತ್ತೆಯ ಮೇಜಿಗೆ ಅಳಿಯನ ಹೊಳಪು

"ಇವತ್ತು ಸಂಜೆ ನಿಮ್ಮಮ್ಮ ಈ ಮೇಜು ನೋಡಿ ಮೂಗಿನ ಮೇಲೆ ಬೆರಳಿಡ್ಬೇಕು, ಹಾಗೆ ಹೊಳೆಸ್ತೀನಿ!" ಎಂದು ಬಲ್ಲಣ್ಣ ಅಂಗಿಯ ತೋಳು ಮಡಚಿ ಹೆಂಡತಿಯೆದುರು ಘೋಷಿಸಿದ.

ಬಲ್ಲಣ್ಣ ಎಂಬುದು ಹೆತ್ತವರಿಟ್ಟ ಹೆಸರಲ್ಲ, ಆಫೀಸಿನವರ ಕೊಡುಗೆ. ಯಾವ ವಿಷಯ ಎತ್ತಿದರೂ "ಅದು ನಂಗೊತ್ತು ಬಿಡ್ರೀ" ಎನ್ನುವ ಮಹಾನುಭಾವ ಅವನು. ಆಫೀಸಿನ ಜೆರಾಕ್ಸ್ ಯಂತ್ರವನ್ನು ಅವನು ರಿಪೇರಿ ಮಾಡಿದ ಮೇಲೆ ಅದು ಮತ್ತೆ ಕಣ್ಣು ಬಿಡಲಿಲ್ಲ!

ಮೇಜಿನ ಕಥೆ ಸ್ವಲ್ಪ ಹೇಳಬೇಕು. ಗಟ್ಟಿ ಮರದ, ನಾಲ್ಕು ಜನ ಸೇರಿ ಎತ್ತಿದರೂ ಮಿಸುಕದ ಊಟದ ಮೇಜು. ಇದ್ದದ್ದು ಬಲ್ಲಣ್ಣನ ಮನೆಯಲ್ಲಿ, ಒಡೆತನ ಮಾತ್ರ ಅತ್ತೆಯದು. "ಯಾರು ಚೆನ್ನಾಗಿ ನೋಡ್ಕೋತಾರೋ ಅವರ ಮನೇಲಿರತ್ತೆ" ಎಂಬುದು ಆಕೆಯ ಕಾನೂನು. ಅದರ ಮೇಲೆ ಬಲ್ಲಣ್ಣನ ಷಡ್ಡಕನಿಗೆ, ಅಂದರೆ ಹೆಂಡತಿಯ ಅಕ್ಕನ ಗಂಡನಿಗೆ, ಮೊದಲಿಂದಲೂ ಕಣ್ಣು. ಈ ಸಲವಂತೂ ಅತ್ತೆ ಫೋನಿನಲ್ಲೇ ಹೇಳಿಬಿಟ್ಟಿದ್ದರು: "ಮೇಜು ಮಂಕಾಗಿ ಕಂಡ್ರೆ ದೊಡ್ಡವಳ ಮನೆಗೆ ಸಾಗಿಸ್ತೀನಿ." ಅಂದಿನಿಂದ ಹೆಂಡತಿಗೆ ಸರಿಯಾಗಿ ನಿದ್ದೆಯಿಲ್ಲ. ಅವಳು ಅಕ್ಷರ ತಿದ್ದಿದ್ದು ಆ ಮೇಜಿನ ಮೇಲೆ. ಈಗಲೂ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಮುಗಿಸಿ ಬಂದರೆ, ಅದರ ಮೂಲೆಯಲ್ಲಿ ಮೊಣಕೈಯೂರಿ ಚಹಾ ಕುಡಿದರೇ ಅವಳಿಗೆ ದಣಿವು ಇಳಿಯುವುದು.

ಡ್ಯೂಟಿಗೆ ಹೊರಟವಳು ಬಾಗಿಲಲ್ಲಿ ತಿರುಗಿ ನಿಂತಳು. "ರೀ, ಎಣ್ಣೆ ತೆಳ್ಳಗೆ ಹಚ್ಚಿ, ಕೂಡ್ಲೇ ಒಣಬಟ್ಟೇಲಿ ಒರೆಸಿಬಿಡಿ. ಅಷ್ಟೇ! ಬೇರೆ ಏನೂ ಮಾಡ್ಬೇಡಿ."

"ನಂಗೊತ್ತು ಬಿಡೇ!"

ಹಚ್ಚಿದ್ದನ್ನು ಒರೆಸುವುದಾದರೆ ಹಚ್ಚುವುದೇಕೆ? ಇದು ಬಲ್ಲಣ್ಣನ ತರ್ಕ. ಆದ್ದರಿಂದ ಡಬ್ಬಿಯಲ್ಲಿದ್ದ ಎಣ್ಣೆಯನ್ನೆಲ್ಲ ಮೇಜಿಗೆ ಕುಡಿಸಿದ. ಮೇಜು ಕುಡಿಯುವಷ್ಟು ಕುಡಿದು ಮಿಕ್ಕಿದ್ದನ್ನು ಮೈಮೇಲೆ ಹಾಗೇ ನಿಲ್ಲಿಸಿಕೊಂಡಿತು. ಹೊಳಪೇನೋ ಬಂತು, ಸಾಲದು ಅನ್ನಿಸಿತು. ಅಟ್ಟದಲ್ಲಿದ್ದ ವಾರ್ನಿಷ್ ಇಳಿಸಿ ಹಸಿ ಎಣ್ಣೆಯ ಮೇಲೇ ಬಳಿದ. ಆಹಾ, ಏನು ಕಾಂತಿ! ಮಧ್ಯಾಹ್ನದವರೆಗೂ ಅದನ್ನು ನೋಡುತ್ತಾ ಕುಳಿತವನು ಮೆಲ್ಲಗೆ ಬೆರಳಿಟ್ಟ. ಬೆರಳು ವಾಪಸ್ ಬರಲು ಒಪ್ಪಲಿಲ್ಲ.

ಫ್ಯಾನನ್ನು ಪೂರ್ತಿ ಜೋರಾಗಿಟ್ಟ. ಅದು ಒಣಗಿಸುವುದು ಬಿಟ್ಟು ಕಪಾಟಿನ ಮೇಲಿನ ಧೂಳನ್ನೆಲ್ಲ ತಂದು ಮೇಜಿಗೆ ಸುರಿಯಿತು. ಟವೆಲಿನಿಂದ ಒರೆಸಹೋದ. ಟವೆಲಿನ ನೂಲೆಲ್ಲ ಕಿತ್ತು ಬಂದು ಮೇಜಿಗೆ ಮೀಸೆ ಮೂಡಿತು! ಹೆಂಡತಿ ಹುಬ್ಬು ಕೀಳುವ ಚಿಮಟ ಹಿಡಿದು, ಒಂದೊಂದೇ ಎಳೆ ಕೀಳುತ್ತಾ ಬಲ್ಲಣ್ಣ ಬೆವತುಹೋದ. ಅತ್ತೆ ಬರುವ ಹೊತ್ತು ಹತ್ತಿರವಾಗುತ್ತಿತ್ತು.

ಹೆಂಡತಿ ಬಂದವಳೇ ಅಭ್ಯಾಸಬಲದಿಂದ ಕೈಚೀಲವನ್ನು ಮೇಜಿನ ಮೇಲಿಟ್ಟಳು. ಎತ್ತಲು ಹೋದರೆ ಹಿಡಿ ಕೈಗೆ ಬಂತು, ಚೀಲ ಬರಲಿಲ್ಲ.

"ಏನ್ರೀ ಇದು?"

"ಒಣಗ್ತಾ ಇದೆ."

"ಒರೆಸಿದ್ರಾ?"

ಬಲ್ಲಣ್ಣ ಚಾವಣಿ ನೋಡಿದ. ಅವಳು ಬೈಯಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು ಚೀಲ ಕೀಳತೊಡಗಿದಳು. ಬೈದಿದ್ದರೇ ವಾಸಿಯಿತ್ತು ಎನ್ನಿಸಿತು ಅವನಿಗೆ. ಚೀಲ ಕಿತ್ತುಬಂತು, ಆಗಲೇ ಹೊರಗೆ ವ್ಯಾನ್ ನಿಂತ ಸದ್ದಾಯಿತು. ಕಿಟಕಿಯಲ್ಲಿ ಇಣುಕಿದರೆ ಅತ್ತೆಯ ಹಿಂದೆಯೇ ಷಡ್ಡಕ ಇಳಿಯುತ್ತಿದ್ದಾನೆ. ಹೆಗಲಲ್ಲಿ ಹಗ್ಗ, ಕಂಕುಳಲ್ಲಿ ಕಂಬಳಿ!

"ಅಮ್ಮನ್ನ ಮುಂದಿನ ಕೋಣೇಲೇ ಕೂರ್ಸಿ. ಮೇಜು ಮುಟ್ಟೋಕೆ ಬಿಡ್ಬೇಡಿ!" ಎಂದು ಹೆಂಡತಿ ಪಿಸುಗುಟ್ಟಿದಳು.

"ಬನ್ನಿ ಅತ್ತೆ, ಇಲ್ಲೇ ಸೋಫಾ ಮೇಲೆ..." ಎಂದು ಬಲ್ಲಣ್ಣ ಅಡ್ಡ ನಿಂತ.

"ಸೋಫಾ ನೋಡೋಕೆ ಬಂದಿದೀನಾ ಅಳಿಯಂದ್ರೇ?" ಅತ್ತೆ ಅವನನ್ನು ಪರದೆಯಂತೆ ಪಕ್ಕಕ್ಕೆ ಸರಿಸಿ ಒಳನಡೆದರು. ಆಕೆ ಮರ ಪರೀಕ್ಷಿಸುವ ರೀತಿಯೇ ಬೇರೆ. ಕೈಯಲ್ಲಿ ಮುಟ್ಟುವವರಲ್ಲ. ಬಗ್ಗಿ, ಕೆನ್ನೆಯನ್ನು ಮರಕ್ಕೆ ಒತ್ತಿ, ಒಂದು ಕಣ್ಣು ಮುಚ್ಚಿ, ಬೆಳಕಿಗೆ ಅಡ್ಡಲಾಗಿ ಗೀರು ಹುಡುಕುವುದು ಪದ್ಧತಿ.

"ಅಮ್ಮಾ, ಬೇಡ!" ಎಂದು ಮಗಳು ಕೂಗುವಷ್ಟರಲ್ಲಿ ಕೆನ್ನೆ ಇಳಿದಾಗಿತ್ತು.

"ಗೀರೇನೂ ಇಲ್ಲ," ಎಂದರು ಅತ್ತೆ. ಆಮೇಲೆ, "ಯಾಕೋ ಏಳೋಕಾಗ್ತಿಲ್ಲ!" ಎಂದರು.

ಬಲ್ಲಣ್ಣನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಹೆಂಡತಿ ನರ್ಸ್ ಅವತಾರ ತಾಳಿದಳು. ಅಡುಗೆ ಎಣ್ಣೆ ತಂದು ಚಮಚದಲ್ಲಿ ಕೆನ್ನೆಯ ಅಂಚಿಗೆ ಬಿಡುತ್ತಾ, "ಉಸಿರಾಡ್ತಾ ಇರಮ್ಮ, ಈಗ ಬಂದ್ಬಿಡತ್ತೆ" ಎಂದು ಇಂಚಿಂಚಾಗಿ ಬಿಡಿಸಿದಳು. ಪಕ್ಕದಲ್ಲಿ ಷಡ್ಡಕ ಸದ್ದಿಲ್ಲದೆ ಹಗ್ಗದ ಗಂಟು ಬಿಚ್ಚುತ್ತಿದ್ದ.

ಎದ್ದ ಅತ್ತೆ ಕೆಂಪು ಕೆನ್ನೆಯಲ್ಲೇ ಕನ್ನಡಕ ಹಾಕಿಕೊಂಡು ಮೇಜಿನತ್ತ ಬಗ್ಗಿದರು. ಕೆನ್ನೆ, ಕಿವಿ, ಓಲೆ, ಕಣ್ಣಂಚಿನ ನೆರಿಗೆ, ಎಲ್ಲವೂ ವಾರ್ನಿಷ್‌ನಲ್ಲಿ ಅಚ್ಚೊತ್ತಿ ಕುಳಿತಿದ್ದವು!

"ಇದು ನಾನೇನೇ?"

ಹೆಂಡತಿ ಬಲ್ಲಣ್ಣನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಫೋಟೋದಲ್ಲೂ ಇಷ್ಟು ಚೆನ್ನಾಗಿ ಬಂದಿಲ್ವಲ್ಲೇ ನಾನು!"

ಷಡ್ಡಕನಿಗೆ ಆತುರ. "ಅತ್ತೆ, ನೀವೇನೂ ಯೋಚ್ನೆ ಮಾಡ್ಬೇಡಿ. ನಮ್ಮನೇಗೆ ಒಯ್ದು, ಚೆನ್ನಾಗಿ ಉಜ್ಜಿಸಿ, ಇದನ್ನ ಪೂರ್ತಿ ಅಳಿಸಿಬಿಡ್ತೀನಿ."

ಅತ್ತೆ ನಿಧಾನವಾಗಿ ತಿರುಗಿದರು. "ಏನು? ನನ್ನ ಮುಖಾನ ಉಜ್ಜಿಸ್ತೀರಾ?"

"ಅಲ್ಲ ಅತ್ತೆ, ಅದು..."

"ಹಗ್ಗ ಸುತ್ತಿಡಿ. ಮೇಜು ಇಲ್ಲೇ ಇರತ್ತೆ!"

ಹೆಂಡತಿ ಅಮ್ಮನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು. ಬಲ್ಲಣ್ಣ ಗೆದ್ದ ಸರದಾರನಂತೆ ಎದೆಯುಬ್ಬಿಸಿ ಷಡ್ಡಕನನ್ನು ವ್ಯಾನಿನವರೆಗೂ ಬೀಳ್ಕೊಟ್ಟ.

ವಾರ್ನಿಷ್ ಕೊನೆಗೂ ಕಲ್ಲಿನಂತೆ ಗಟ್ಟಿಯಾಯಿತು. ಅಚ್ಚು ಬಿದ್ದದ್ದು ಬಲ್ಲಣ್ಣ ಊಟಕ್ಕೆ ಕೂರುವ ಜಾಗದಲ್ಲಿ. ಮೊದಲ ದಿನ ಅವನು ತಟ್ಟೆ ಇಳಿಸಿದನೋ ಇಲ್ಲವೋ, ಹೆಂಡತಿ ಚೀರಿದಳು: "ರೀ! ಅಮ್ಮನ ಮುಖದ ಮೇಲೆ ತಟ್ಟೆ ಇಡ್ತೀರಲ್ಲಾ!"

ಈಗ ಆ ಭವ್ಯವಾದ ಮೇಜಿನ ಮುಂದೆ ಬಲ್ಲಣ್ಣ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಾನೆ. ವಾರ್ನಿಷ್‌ನೊಳಗಿನ ಅತ್ತೆ ಒಂದು ಕಣ್ಣು ಮುಚ್ಚಿ, ಪಕ್ಕದಿಂದ ನೋಡುತ್ತಿರುತ್ತಾರೆ.