ಅಕ್ಕನ ಮಣ್ಣಿಗೆ ಎರಡು ಹಾಡು

ಬೇರೆ ಮತದವರೊಂದಿಗೆ ಹೊಂದಿಕೊಂಡು ಬಾಳುವುದು ಬಹಳ ಕಷ್ಟ ಎಂದು ದೊಡ್ಡವರು ಭಾಷಣ ಮಾಡುವಾಗ ನನಗೆ ನಗು ಬರುತ್ತದೆ. ಅದರಷ್ಟು ಸುಲಭದ ಕೆಲಸ ಇನ್ನೊಂದಿಲ್ಲ. ಹುಮನಾಬಾದಿನ ನಮ್ಮ ಓಣಿಯಲ್ಲಿ ರಂಜಾನಿಗೆ ಪಕ್ಕದ ಮನೆಯಿಂದ ಶೀರ್‌ಕುರ್ಮಾ ಬರುತ್ತದೆ, ಪಂಚಮಿಗೆ ಎದುರು ಮನೆಯಿಂದ ಉಂಡಿ ಬರುತ್ತವೆ, ಕ್ರಿಸ್ಮಸ್ಸಿಗೆ ನಮ್ಮ ಕರಜಿಕಾಯಿ ಎರಡೂ ಕಡೆ ಹೋಗುತ್ತವೆ. ನೀನು ಸ್ವರ್ಗಕ್ಕೆ ಹೋಗುತ್ತೀಯೋ ಇಲ್ಲವೋ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಕಷ್ಟವಿರುವುದು ನಮ್ಮದೇ ಯೇಸುವನ್ನು, ನಮ್ಮದೇ ಕನ್ನಡದಲ್ಲಿ, ಸ್ವಲ್ಪ ಬೇರೆ ರಾಗದಲ್ಲಿ ಕರೆಯುವವರೊಂದಿಗೆ.

ನಾವು ಕಲ್ಲಿನ ಚರ್ಚಿನವರು. ಅಜ್ಜನ ಕಾಲದ ಬೆಂಚು, ಅಜ್ಜನ ಕಾಲದ ಹಾಡು. ಹಾಡುವ ವೇಗವೂ ಅಜ್ಜನದೇ, ಅದೂ ಅವನ ಕೊನೆಗಾಲದ್ದು. ಇತ್ತೀಚೆಗೆ ತಗಡಿನ ಚಾವಣಿಯ ಕೆಳಗೆ ಹುಟ್ಟಿಕೊಂಡದ್ದು ತಗಡಿನ ಸಭೆ. ಅಲ್ಲಿ ಡ್ರಮ್ಮು, ಚಪ್ಪಾಳೆ, ಕಣ್ಣೀರು ಎಲ್ಲವೂ ಧಾರಾಳ. ನಾವು ಅವರನ್ನು ಚಪ್ಪಾಳೆಯವರು ಎನ್ನುತ್ತೇವೆ, ಅವರು ನಮ್ಮನ್ನು ನಿದ್ದೆಯವರು ಎನ್ನುತ್ತಾರೆ. ಎರಡು ಹೆಸರೂ ನಿಜವಾಗಿರುವುದರಿಂದ ಸಿಟ್ಟು ಇನ್ನೂ ಹೆಚ್ಚು. ಕೂಸಿದ್ದಾಗ ಹಣೆಗೆ ಚಿಮುಕಿಸಿದ ನೀರು ದೀಕ್ಷಾಸ್ನಾನವೇ ಅಲ್ಲ, ಬುದ್ಧಿ ಬಂದ ಮೇಲೆ ಪೂರ್ತಿ ಮುಳುಗಬೇಕು ಎಂಬುದು ಅವರ ವಾದ. ಹಾಗೆ ಮುಳುಗಿದವರು ಮೊದಲಿನ ನೀರಿಗೆ ಅವಮಾನ ಮಾಡಿದರು ಎಂಬುದು ನಮ್ಮ ವಾದ. ಇಷ್ಟು ನೀರಿನಲ್ಲಿ ನಾವೆಲ್ಲ ಹೊಡೆದಾಡುತ್ತಿರುವಾಗ ನನ್ನ ಅಕ್ಕ ರತ್ನಕ್ಕ ಮುಳುಗಿಬಿಟ್ಟಳು.

ಅಕ್ಕ ಬಸವಕಲ್ಯಾಣದ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಅವಳ ಗಂಡ, ಅಂದರೆ ನಮ್ಮ ಮಾವ, ತೀರಿಕೊಂಡ ಮೇಲೆ ಮನೆಯ ಹಿಂದಿನ ತಗಡಿನ ಸಭೆಗೆ ಹೋಗಲು ಶುರು ಮಾಡಿ, ಯಾರದೋ ಹೊಲದ ನೀರಿನ ಹೌದಿನಲ್ಲಿ ದೀಕ್ಷೆ ತೆಗೆದುಕೊಂಡಳು. ನಾನು ಕುಹಕವಾಡಿದೆ. “ಯಾಕಕ್ಕಾ, ಮೊದಲಿನ ನೀರು ಆರಿ ಹೋಗಿತ್ತೇನು?”

“ನೀರು ಆರಿರ್ಲಿಲ್ಲೋ ತಮ್ಮಾ, ಮನಿ ಖಾಲಿ ಆಗಿತ್ತು,” ಎಂದಳು. “ನಿಮ್ಮ ಚರ್ಚಿನವ್ರು ಮಣ್ಣಿಗೆ ಬಂದ್ರು. ಮರುದಿನ ಯಾರು ಬಂದ್ರು? ಇವ್ರು ದಿನಾ ಬರ್ತಾರ.”

ದಿನಾ ಬರುತ್ತಿದ್ದದ್ದು ನಿಜ. ಅಕ್ಕನ ಕಿಡ್ನಿ ಕೆಟ್ಟು ಅವಳು ಹಾಸಿಗೆ ಹಿಡಿದಾಗ ಆ ಸಭೆಯ ಹೆಂಗಸರು ಪಾಳಿ ಹಾಕಿಕೊಂಡು ನೋಡಿಕೊಂಡರು. ಅವರಲ್ಲಿ ಮಾರ್ತಮ್ಮ ಎಂಬಾಕೆ ಅಕ್ಕನ ತಲೆ ಬಾಚುವುದರಿಂದ ಹಿಡಿದು ಬಟ್ಟೆ ಒಗೆಯುವವರೆಗೆ ಎಲ್ಲ ಮಾಡುತ್ತಿದ್ದಳು. ಒಡಹುಟ್ಟಿದ ನಾನು ಭಾನುವಾರ ಚರ್ಚು ಮುಗಿಸಿ ಸೇಬು ತೆಗೆದುಕೊಂಡು ಹೋಗುತ್ತಿದ್ದೆ. ಮಾರ್ತಮ್ಮ ಅದನ್ನು ಹೆಚ್ಚಿ ಕೊಡುತ್ತಿದ್ದಳು. ಅಕ್ಕನಿಗೆ ಸೇರುತ್ತಿರಲಿಲ್ಲವಾದ್ದರಿಂದ ನಾನೇ ತಿಂದು ಬರುತ್ತಿದ್ದೆ. ಅಕ್ಕ ಕೇಳಿದ್ದು ಒಂದೇ: “ನನ್ನ ನಿಮ್ಮ ಮಾವನ ಬಾಜೂಕ ಇಡ್ರಿ.” ಮಾವ ಇರುವುದು ಹುಮನಾಬಾದಿನ ನಮ್ಮ ಚರ್ಚಿನ ಸ್ಮಶಾನದಲ್ಲಿ.

ಅಕ್ಕ ತೀರಿಕೊಂಡ ಬೆಳಿಗ್ಗೆ ನಾನೂ ಸದಸ್ಯನಾಗಿದ್ದ ಚರ್ಚು ಕಮಿಟಿಯ ಅಧ್ಯಕ್ಷರಾದ ಪ್ರಭಾಕರ ಮಾಸ್ತರರ ಮನೆಗೆ ಓಡಿದೆ. ಅವರು ಚಹಾದಲ್ಲಿ ಖಾರಿ ಬಿಸ್ಕತ್ತು ಅದ್ದುತ್ತಾ ಕೇಳಿಸಿಕೊಂಡರು. “ಭಾಳ ಛಲೋ ಹೆಣ್ಮಗಳು. ಆದ್ರ ನಿಯಮ ಅದ ನೋಡ್ರಿ. ಎರಡನೇ ದೀಕ್ಷೆಗೆ ಮುಳುಗಿದವ್ರಿಗೆ ನಮ್ಮಲ್ಲಿ ಜಾಗಾ ಇಲ್ಲ.”

“ಮಾಸ್ತರ್, ಆಕಿ ಗಂಡ ಅಲ್ಲೇ ಮಲಗ್ಯಾನ.”

“ಅವ ಮುಳುಗಿಲ್ಲಲ್ರಿ.”

ಅವರ ಮೊಮ್ಮಗಳು ಹುಟ್ಟಿದಾಗ ಮೊದಲು ಎತ್ತಿಕೊಂಡವಳು ಇದೇ ರತ್ನಕ್ಕ ಎಂದು ನೆನಪಿಸಿದೆ. “ಅದು ಸರ್ಕಾರಿ ನೌಕರಿ, ಇದು ಸಭೆಯ ಶಿಸ್ತು” ಎಂದರು. ಖಾರಿಯ ತುದಿ ಕಪ್ಪಿನಲ್ಲಿ ಬಿತ್ತು. ಅದಕ್ಕೆ ಅವರು ಪಟ್ಟ ದುಃಖ ನೋಡುವಂತಿತ್ತು.

ಬಸವಕಲ್ಯಾಣಕ್ಕೆ ಹೋದರೆ ಅಲ್ಲಿ ತಗಡಿನ ಸಭೆಯ ಪಾಸ್ಟರ್ ನನಗಾಗಿಯೇ ಕಾಯುತ್ತಿದ್ದರು. “ರಕ್ಷಣೆ ಹೊಂದಿದವ್ರನ್ನ ಆ ಹಳೇ ಚರ್ಚಿನವ್ರ ನಡುವ ಯಾಕ ಒಯ್ತೀರಿ ಬ್ರದರ್?” ಹಾಗಾದರೆ ನಿಮ್ಮ ಸ್ಮಶಾನ ಎಲ್ಲಿದೆ ಎಂದೆ. “ದೇವ್ರು ಕೊಡ್ತಾನ್ರಿ.” ಯಾವಾಗ ಎಂದೆ. ಅವರು ತಲೆಯೆತ್ತಿ ಚಾವಣಿಯ ತಗಡು ನೋಡಿದರು. ಒಬ್ಬರ ಬಳಿ ಜಾಗವಿತ್ತು, ಮನಸ್ಸಿರಲಿಲ್ಲ. ಇನ್ನೊಬ್ಬರಿಗೆ ಜಾಗವೇ ಇರಲಿಲ್ಲ, ಆದರೂ ತಕರಾರಿತ್ತು. ನಡುವೆ ಅಕ್ಕ ಐಸಿನ ಪೆಟ್ಟಿಗೆಯಲ್ಲಿ, ಡ್ಯೂಟಿ ಮುಗಿದರೂ ಬದಲಿ ನರ್ಸ್ ಬಾರದೆ ಕಾಯುತ್ತಿರುವವಳಂತೆ ಮಲಗಿದ್ದಳು.

ಫೋನಿನ ಮೇಲೆ ಫೋನಾಗಿ ಕಡೆಗೆ ಮಾಸ್ತರರು ಒಂದು ದಾರಿ ಹೇಳಿದರು. ಮಣ್ಣು ಮಾಡಬಹುದು, ಆದರೆ ನಮ್ಮ ಪಾದ್ರಿಗಳೇ ಮಾಡಬೇಕು. ಚಪ್ಪಾಳೆಯವರು ಯಾರೂ ಸ್ಮಶಾನದ ಗೇಟು ದಾಟಬಾರದು. ನಾನು ಒಪ್ಪಿಕೊಂಡೆ. ದೊಡ್ಡ ಕಾರಣವೇನಿಲ್ಲ, ಐಸು ಕರಗುತ್ತಿತ್ತು.

ಅಕ್ಕನ ಗಾಡಿ ದಾರಿಯ ರಾಜೇಶ್ವರ ಊರು ದಾಟಿ ಹುಮನಾಬಾದ್ ಸೇರಿದಾಗ ಅದರ ಹಿಂದೆಯೇ ಒಂದು ಟೆಂಪೋದಲ್ಲಿ ಅವರೆಲ್ಲ ಬಂದಿದ್ದರು. ಗೇಟಿನ ಹೊರಗೆ ಬಿಸಿಲಲ್ಲಿ ಸುಮ್ಮನೆ ನಿಂತರು. ಒಳಗೆ ಪಾದ್ರಿಗಳು ಪುಸ್ತಕ ತೆರೆದ ತಕ್ಷಣ ಹೊರಗಿನಿಂದ ಹಾಡು ಎದ್ದಿತು, ಚಪ್ಪಾಳೆ ಸಮೇತ. ಮಾಸ್ತರರು ಕೈ ಬೀಸಿ ನಮ್ಮವರಿಗೆ ಸನ್ನೆ ಮಾಡಿದರು. ನಮ್ಮವರೂ ಹಾಡತೊಡಗಿದರು. ಕಲ್ಲಿನ ಚರ್ಚಿನವರು ಅಷ್ಟು ವೇಗವಾಗಿ ಹಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಎರಡು ಹಾಡು ಡಿಕ್ಕಿ ಹೊಡೆದುಕೊಂಡು ಯಾವುದರ ಪದವೂ ತಿಳಿಯದಂತಾಯಿತು. ಗುಂಡಿ ತೋಡಿದ್ದ ಮಹೆಬೂಬ್ ಚಾಚಾ ಸಲಿಕೆ ಹಿಡಿದು ಪರೇಶಾನ್ ಆಗಿ ನನ್ನ ಹತ್ತಿರ ಬಂದರು.

“ಸಾಬ್, ಒಳಗೂ ಆಮೆನ್ ಅನ್ನಾಕತ್ತಾರ, ಹೊರಗೂ ಆಮೆನ್ ಅನ್ನಾಕತ್ತಾರ. ಮಣ್ಣು ಯಾರ ಆಮೆನ್‌ಗ ಹಾಕ್ಲಿ?”

ನನಗೆ ನಗು ಬಂತು. ಅಕ್ಕನ ಗುಂಡಿಯ ಅಂಚಿನಲ್ಲಿ ನಿಂತು ಗೊಳ್ಳೆಂದು ನಕ್ಕೆ. ನಗು ನಿಲ್ಲಲಿಲ್ಲ. ಅದು ಯಾವಾಗ ಅಳುವಾಯಿತೋ ನನಗೇ ತಿಳಿಯಲಿಲ್ಲ. ಕಣ್ಣೊರೆಸಿಕೊಂಡು ನೋಡಿದರೆ ಗೇಟಿನ ಹತ್ತಿರ ಮಾರ್ತಮ್ಮ. ಅವಳು ಹಾಡುತ್ತಿರಲಿಲ್ಲ. ಸರಳು ಹಿಡಿದು, ಮುಂದೆ ನಿಂತವರ ಸಂದಿಯಲ್ಲಿ ಅಕ್ಕ ಕಾಣುತ್ತಾಳೇನೋ ಎಂದು ಕತ್ತು ಚಾಚುತ್ತಿದ್ದಳು.

ನಾನು ಹೋಗಿ ಗೇಟಿನ ಅಗಳಿ ಎಳೆದೆ.

“ಏನ್ ಮಾಡಾಕತ್ತೀರಿ?” ಮಾಸ್ತರರು ಕೂಗಿದರು. “ಕಮಿಟಿ ಠರಾವು ಅದ!”

“ಆ ಠರಾವು ಅಕ್ಕನ ಕೈಯಾಗ ಕೊಡ್ರಿ ಮಾಸ್ತರ್. ಓದ್ಕೋತ ಮಲಗ್ತಾಳ.”

ಹೊರಗಿದ್ದವರು ಒಳಗೆ ಬಂದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬೊಬ್ಬರಾಗಿ ಹಿಡಿ ಮಣ್ಣು ಹಾಕಿದರು. ಮಾರ್ತಮ್ಮ ಹಾಕುವ ಮುಂಚೆ ಹೆಂಟೆಯನ್ನು ಬೆರಳಲ್ಲಿ ಪುಡಿ ಮಾಡಿದಳು, ಪೆಟ್ಟಿಗೆಯ ಮೇಲೆ ಸಪ್ಪಳವಾಗಬಾರದೆಂದು. ಮಾಸ್ತರರು ನಮ್ಮ ಅರ್ಧ ಜನರನ್ನು ಕರೆದುಕೊಂಡು ಹೊರಟುಹೋದರು. ಪಾದ್ರಿಗಳು ಮಾತ್ರ ನಿಂತಿದ್ದರು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು. ನಾಳೆ ಕಮಿಟಿ ಕೇಳಿದರೆ ಏನನ್ನೂ ನೋಡಲಿಲ್ಲವೆಂದು ಸತ್ಯವನ್ನೇ ಹೇಳಬೇಕಲ್ಲ.

ಕಮಿಟಿಯಿಂದ ನನ್ನನ್ನು ತೆಗೆದರು. ಚರ್ಚಿಗೆ ಹೋದರೆ ಬೆಂಚಿನ ಮೇಲೆ ನನ್ನ ಎರಡೂ ಪಕ್ಕ ಜಾಗ ಬಿಡುತ್ತಾರೆ. ಬೇಸಿಗೆಯಲ್ಲಿ ಅದು ಹಿತವಾಗಿಯೇ ಇದೆ. ತೊಂದರೆ ಬಂದದ್ದು ಇನ್ನೊಂದು ಕಡೆಯಿಂದ. ಗೇಟು ತೆಗೆದವನು ಇನ್ನೇನು ನಮ್ಮವನೇ ಎಂದು ತಗಡಿನ ಸಭೆಯವರು ತೀರ್ಮಾನಿಸಿದ್ದಾರೆ. ಭಾನುವಾರ ಮಧ್ಯಾಹ್ನವಾದರೆ ಸಾಕು, ಬಸವಕಲ್ಯಾಣದಿಂದ ಮಾರ್ತಮ್ಮನ ತಂಡ ಹುಗ್ಗಿಯ ಡಬ್ಬಿ ಹಿಡಿದು ಬರುತ್ತದೆ. ಹುಗ್ಗಿ ಬಹಳ ರುಚಿ. ಅದು ಮುಗಿಯುತ್ತಿದ್ದಂತೆ ಶುರು: “ಅಣ್ಣಾ, ಹೌದಿನಾಗ ನೀರು ತುಂಬೇದ. ನೀವು ಹೂಂ ಅನ್ನೋದೇ ಬಾಕಿ.” ಒಲ್ಲೆ ಎಂದರೆ ಅವಳ ಮುಖ ಬಾಡುತ್ತದೆ. ಅವಳಿಗೆ ನನ್ನ ಮೇಲೆ ನಿಜವಾದ ಪ್ರೀತಿ. ನಾನು ಇರುವ ಹಾಗೆ ಇದ್ದರೆ ನೇರ ನರಕಕ್ಕೇ ಹೋಗುತ್ತೇನೆಂದು ಅಷ್ಟೇ ನಿಜವಾದ ನಂಬಿಕೆ.

ಮೊನ್ನೆ ಭಾನುವಾರ ಓಣಿಯ ಬಾಯಲ್ಲಿ ಅವರ ದನಿ ಕೇಳಿದ ಕೂಡಲೇ ನಾನು ಎದ್ದು ಬಾತ್‌ರೂಮು ಸೇರಿಕೊಂಡೆ. “ಮನ್ನಾಏಖೇಳ್ಳಿಗೆ ಹೋಗ್ಯಾರ್ರಿ” ಎಂದು ಹೆಂಡತಿ ಸುಗುಣಾ ನಾನು ಕಲಿಸಿದ ಸುಳ್ಳನ್ನು ಒಪ್ಪಿಸಿದಳು. ಅವರು ಅವಸರ ಮಾಡಲಿಲ್ಲ. ಕುಳಿತರು, ಚಹಾ ಕುಡಿದರು, ನಾನಿಲ್ಲದಿದ್ದರೂ ನನಗಾಗಿ ಪ್ರಾರ್ಥಿಸಿ ಹೋಗುತ್ತೇವೆಂದರು. ನಾನು ಒದ್ದೆ ನೆಲದ ಮೇಲೆ ಬಕೆಟ್ ಬೋರಲು ಹಾಕಿ ಕುಳಿತಿದ್ದೆ. ತೆಳು ಬಾಗಿಲಾಚೆ ಮಾರ್ತಮ್ಮನ ದನಿ ಸ್ಪಷ್ಟವಾಗಿ ಕೇಳುತ್ತಿತ್ತು.

“ಸ್ವಾಮೀ, ಈ ಅಣ್ಣಂದು ಭಾಳ ದೊಡ್ಡ ಮನಸ್ಸು. ಯಾರಿಗೂ ಬಾಗಿಲು ಹಾಕಲಾರದ ಮನುಷ್ಯಾ.”

ಚಿಲಕ ಸರಿಯಾಗಿ ಬಿದ್ದಿದೆಯೇ ಎಂದು ನಾನು ಇನ್ನೊಮ್ಮೆ ಮುಟ್ಟಿ ನೋಡಿಕೊಂಡೆ.